ತುರುಗಾಹಿಗಳ ಕವಿತೆ: ಎಲ್ಕೋ ಪಟ್ಟಣದ ಜಾನಪದ ಕೇಂದ್ರವನ್ನು ಕುರಿತು

ಅಮೆರಿಕಾ ಸಂಯುಕ್ತ ಸಂಸ್ಥಾನಗಳ ಪಶ್ಚಿಮ ಬಯಲುಗಳಲ್ಲಿ ಕುದುರೆಯೇರಿ ದನ ಕಾಯತಕ್ಕ ಕೂಲಿಯವರಿಗೆ ಕೌಬಾಯ್ ಎಂದು ಹೆಸರು. ಆ ಹೆಸರು ಕಿವಿಗೆ ಬಿದ್ದೊಡನೆ ನಮ್ಮಲ್ಲಿ ಬಹುಮಂದಿಯ ಕಣ್ಣ ಮುಂದೆ ನಿಲ್ಲುವುದು ಚಲಚ್ಚಿತ್ರದ ವೇಷ: ಅಗಲ ಅಂಚಿನ ಟೋಪಿ, ಸೊಂಟದಲ್ಲಿ ಪಿಸ್ತೂಲು, ಮಾತಿಗೆ ಮೊದಲು ಗುಂಡು. ಇಂಥವನು ಪದ್ಯ ಕಟ್ಟುತ್ತಾನೆ, ಅದನ್ನು ಬಾಯಿಪಾಠ ಮಾಡಿ ಜತೆಗಾರರ ಮುಂದೆ ಒಪ್ಪಿಸುತ್ತಾನೆ, ಆ ಪದ್ಯಗಳನ್ನು ಕೇಳುವುದಕ್ಕಾಗಿ ಚಳಿಗಾಲದ ನಡುವೆ ಸಾವಿರಾರು ಮಂದಿ ಒಂದು ಸಣ್ಣ ಪಟ್ಟಣಕ್ಕೆ ಬಂದು ಸೇರುತ್ತಾರೆ ಎಂದು ಹೇಳಿದರೆ ವಾಚಕರು ನಕ್ಕಾರು. ಈ ಲೇಖಕನೂ ಮೊದಲು ನಕ್ಕವನೇ. ನಕ್ಕ ಮೇಲೆ ಓದಿದೆ. ಓದಿದ ಮೇಲೆ ಕೆಲವು ಪದ್ಯಗಳನ್ನು ಧ್ವನಿಮುದ್ರಿಕೆಗಳಲ್ಲಿ ಕೇಳಿದೆ. ಕೇಳಿದ ಮೇಲೆ ನಗೆ ಉಳಿಯಲಿಲ್ಲ. ಆದರೆ ನಗೆ ಹೋದ ಜಾಗದಲ್ಲಿ ಒಂದೆರಡು ಬಲವಾದ ಆಕ್ಷೇಪಣೆಗಳು ಹುಟ್ಟಿದುವು. ಮೆಚ್ಚಿಕೆಯ ಜತೆಗೆ ಅವನ್ನೂ ಮುಚ್ಚಿಡದೆ ಹೇಳಬೇಕೆಂದಿದ್ದೇನೆ.

ಮೊದಲು ಹೆಸರಿನ ಮಾತು. ಕೌಬಾಯ್ ಎಂಬುದಕ್ಕೆ ಗೋಪಾಲ, ಗೋವಳ, ದನಗಾಹಿ ಎಂದು ಏನನ್ನು ಹೇಳಿದರೂ ಪೂರ್ತಿ ಹೊಂದುವುದಿಲ್ಲ. ನಮ್ಮ ದನಗಾಹಿ ಕಾಲ್ನಡೆಯವನು. ಕಂಬಳಿ, ಕೋಲು, ಬುತ್ತಿ ಇವೇ ಅವನ ಸಲಕರಣೆ. ಆ ಕಡೆಯವನಾದರೋ ಅರ್ಧ ಗೋವಳ, ಅರ್ಧ ರಾವುತ. ಆದರೂ ನಾನು ಹನ್ನೆರಡನೆಯ ಶತಮಾನದ ವಚನಕಾರ ತುರುಗಾಹಿ ರಾಮಣ್ಣನನ್ನು ನೆನೆದು ತುರುಗಾಹಿ ಎಂಬ ಹಳೆಯ ಮಾತನ್ನೇ ಇಲ್ಲಿ ಬಳಸಿಕೊಂಡಿದ್ದೇನೆ. ದನ ಕಾಯುವ ಕಸುಬಿನ ಮಾತನ್ನು ಸಾಹಿತ್ಯಕ್ಕೆ ತಂದವರಲ್ಲಿ ಅವನ ಹೆಸರು ನಮಗೆ ಹತ್ತಿರದ್ದು. ಆದರೆ ರಾಮಣ್ಣನ ತುರುಗಳು ಇಂದ್ರಿಯಗಳಾಗಿ, ಜೀವನಾಗಿ ಮಾರ್ಪಟ್ಟು ಕೊನೆಗೆ ಗೋಪತಿನಾಥ ವಿಶ್ವೇಶ್ವರಲಿಂಗನ ಕಡೆಗೆ ತಿರುಗುತ್ತವೆ. ಅಲ್ಲಿ ಕಸುಬು ಒಂದು ಮೆಟ್ಟಿಲು. ಅಮೆರಿಕಾದ ತುರುಗಾಹಿಯ ಪದ್ಯದಲ್ಲಿ ದನ ದನವೇ, ಹಗ್ಗ ಹಗ್ಗವೇ. ಕಸುಬಿನಾಚೆಗೆ ಅವನು ಕೈ ಚಾಚುವುದು ಬಲು ಅಪರೂಪ. ಇದು ದೋಷವೆ, ಗುಣವೆ ಎಂಬುದನ್ನು ಮುಂದೆ ನೋಡೋಣ.

ಎಲ್ಕೋ ಎಂಬುದು ನೆವಾಡಾ ಸಂಸ್ಥಾನದ ಈಶಾನ್ಯ ಮೂಲೆಯಲ್ಲಿ, ಹಂಬೋಲ್ಟ್ ಹೊಳೆಯ ದಂಡೆಯಲ್ಲಿ, ರೈಲುದಾರಿಯ ಜತೆಯಲ್ಲಿ ಹುಟ್ಟಿದ ಊರು. ಅಲ್ಲಿ ಪಯೊನಿಯರ್ ಹೋಟೆಲ್ ಎಂಬ ಹಳೆಯ ಕಟ್ಟಡವೊಂದುಂಟು. ಅದರ ಪಾನಗೃಹದಲ್ಲಿ 40 ಅಡಿ ಉದ್ದದ ಮರದ ಕಟ್ಟೆಯೊಂದು ಈಗಲೂ ಇದೆಯಂತೆ. ಈ ಮನೆಯೇ ವೆಸ್ಟರ್ನ್ ಫೋಕ್‌ಲೈಫ್ ಸೆಂಟರ್ ಎಂಬ ಸಂಸ್ಥೆಯ ನೆಲೆ. ಸಂಸ್ಥೆ ಹುಟ್ಟಿದ್ದು 1980ರಲ್ಲಿ. ಅದರ ಸ್ಥಾಪಕ ನಿರ್ದೇಶಕ ಹಾಲ್ ಕ್ಯಾನನ್ ಎಂಬ ಜಾನಪದ ವಿದ್ವಾಂಸ. 1985ನೆಯ ಜನವರಿಯ ಕೊನೆಯಲ್ಲಿ ಮೊದಲನೆಯ ಕವಿಸಮ್ಮೇಳನ ನಡೆಯಿತು. ಅದಕ್ಕೆ ಮುಂಚೆ ಪಶ್ಚಿಮದ ಹಲವು ಸಂಸ್ಥಾನಗಳ ಜಾನಪದ ಸಂಗ್ರಾಹಕರು ಪತ್ರಿಕೆಗಳಲ್ಲಿ ಪ್ರಕಟಣೆ ಕೊಟ್ಟೂ ದೂರದೂರದ ದನಗಾವಲಿನ ಮನೆಗಳಿಗೆ ತಾವೇ ಹೋಗಿಯೂ ಪದ್ಯ ಬಲ್ಲವರನ್ನು ಹುಡುಕಿದ್ದರು. ಜನವರಿಯನ್ನೇ ಆರಿಸಿದ್ದು ಬುದ್ಧಿವಂತಿಕೆ. ಕರು ಹಾಕುವ ಕಾಲ ಇನ್ನೂ ಬಂದಿರುವುದಿಲ್ಲ, ಹುಲ್ಲು ಕೊಯ್ಯುವ ಕಾಲ ಎಂದೋ ಮುಗಿದಿರುತ್ತದೆ. ದನಗಾಹಿಗೆ ವರ್ಷದಲ್ಲಿ ಒಂದಿಷ್ಟು ಬಿಡುವು ಸಿಕ್ಕುವುದು ಆಗಲೇ. ಆ ವರ್ಷ ಹಾಕಿದ್ದ ಕುರ್ಚಿಗಳು ಸಾಲಲಿಲ್ಲ. ಕ್ಯಾನನ್ ಸಂಪಾದಿಸಿದ ಪದ್ಯಸಂಗ್ರಹವೂ ಅದೇ ವರ್ಷ ಅಚ್ಚಾಯಿತು. 2000ನೆಯ ಇಸವಿಯಲ್ಲಿ ಅಮೆರಿಕಾದ ಸೆನೆಟ್ ಸಭೆ ಇದಕ್ಕೆ ರಾಷ್ಟ್ರೀಯ ಸಮ್ಮೇಳನವೆಂಬ ಮನ್ನಣೆಯನ್ನಿತ್ತಿತು. 2025ರಲ್ಲಿ ನಲವತ್ತನೆಯ ಸಮ್ಮೇಳನ ನಡೆಯಿತು. ಇಷ್ಟು ಸಂಸ್ಥೆಯ ಜಾತಕ. ಜಾತಕಕ್ಕಿಂತ ನಮಗೆ ಮುಖ್ಯವಾದುದು ಕವಿತೆ.

ಈ ಕವಿತೆ ಹುಟ್ಟಿದ ಪರಿಯನ್ನು ಸ್ವಲ್ಪ ಹೇಳದಿದ್ದರೆ ಅದರ ರುಚಿ ತಿಳಿಯುವುದಿಲ್ಲ. ಅಮೆರಿಕಾದ ಅಂತರ್ಯುದ್ಧ 1865ರಲ್ಲಿ ಮುಗಿದಾಗ ಟೆಕ್ಸಾಸಿನಲ್ಲಿ ದನ ಹೇರಳ, ಕೊಳ್ಳುವವರಿಲ್ಲ. ಉತ್ತರದ ನಗರಗಳಲ್ಲಿ ಕೊಳ್ಳುವವರು ಹೇರಳ, ದನವಿಲ್ಲ. 1867ರಲ್ಲಿ ಕಾನ್ಸಾಸಿನ ಅಬಿಲೀನ್ ಎಂಬ ರೈಲುನಿಲ್ದಾಣದವರೆಗೆ ದನಗಳನ್ನು ನಡೆಸಿಕೊಂಡು ಹೋಗುವ ದಾರಿ ತೆರೆಯಿತು. ಎರಡು ಮೂರು ಸಾವಿರ ದನಗಳ ಮಂದೆಗೆ ಹತ್ತು ಹನ್ನೆರಡು ಸವಾರರು, ತಿಂಗಳುಗಟ್ಟಲೆ ಪಯಣ. ರಾತ್ರಿಯ ಹೊತ್ತು ಬೇಲಿಯಿಲ್ಲದ ಬಯಲಿನಲ್ಲಿ ಮಲಗಿದ ಮಂದೆಯ ಸುತ್ತಲೂ ಇಬ್ಬರು ಸವಾರರು ಒಬ್ಬರಿಗೊಬ್ಬರು ಎದುರಾಗಿ ಸುತ್ತುತ್ತಿದ್ದರು. ಒಂದು ಮಿಂಚು ಹೊಡೆದರೆ, ಒಂದು ಪಾತ್ರೆ ಬಿದ್ದು ಸದ್ದಾದರೆ ಸಾಕು, ಮಂದೆ ಎದ್ದು ಕತ್ತಲಲ್ಲಿ ಕಂಡ ಕಡೆಗೆ ನುಗ್ಗುತ್ತಿತ್ತು. ಅದರ ಮುಂದೆ ಸಿಕ್ಕಿದ ಸವಾರನ ಗತಿ ಹೇಳತಕ್ಕದ್ದಲ್ಲ. ಆದುದರಿಂದ ಕಾವಲುಗಾರರು ಮೆಲ್ಲಗೆ ಹಾಡುತ್ತಿದ್ದರು. ಮನುಷ್ಯರ ಧ್ವನಿ ಬಿಡದೆ ಕಿವಿಗೆ ಬೀಳುತ್ತಿದ್ದರೆ ದನ ಬೆಚ್ಚುವುದಿಲ್ಲವೆಂಬುದು ಅವರ ಅನುಭವ. ತಾಯಿ ಮಗುವಿಗೆ ಜೋಗುಳ ಹಾಡುವುದುಂಟು. ಸಾವಿರ ಕೊಂಬುಗಳಿಗೆ ಜೋಗುಳ ಹಾಡಿದವರು ಇವರೇ ಇರಬೇಕು. ಹಾಡಿನ ಮಟ್ಟುಗಳೆಲ್ಲ ಎರವಲು. ಐರ್ಲೆಂಡಿನಿಂದಲೂ ಇಂಗ್ಲೆಂಡಿನಿಂದಲೂ ಬಂದ ಹಳೆಯ ಲಾವಣಿಗಳು ಬಯಲಿಗೆ ಹೊಂದಿಕೊಂಡವು. ಸಮುದ್ರದಲ್ಲಿ ಹೂಳಬೇಡಿರೆಂದು ಬೇಡುವ ನಾವಿಕನ ಹಾಡು ಒಂಟಿ ಹುಲ್ಲುಗಾವಲಿನಲ್ಲಿ ಹೂಳಬೇಡಿರೆಂಬ ದನಗಾಹಿಯ ಹಾಡಾಯಿತು.

ಕಸುಬಿನ ಮಾತುಗಳೂ ಎರವಲೇ. ಮೆಕ್ಸಿಕೋ ದೇಶದ ಸ್ಪಾನಿಷ್ ನುಡಿಯವರು ಇವರಿಗಿಂತ ಬಹುಕಾಲ ಮೊದಲೇ ಕುದುರೆಯ ಮೇಲಿಂದ ದನ ಮೇಯಿಸುತ್ತಿದ್ದವರು. ಹಗ್ಗಕ್ಕೂ ದೊಡ್ಡಿಗೂ ತೊಡೆಗವಚಕ್ಕೂ ಇಂಗ್ಲಿಷ್ ತುರುಗಾಹಿ ಬಳಸುವ ಹೆಸರುಗಳು ಅವರವು. ನೆವಾಡಾ ಕಡೆಯ ತುರುಗಾಹಿಗೆ ಬಕರೂ ಎಂಬ ಹೆಸರು ಬಂದದ್ದೂ ಸ್ಪಾನಿಷ್ ಭಾಷೆಯ ವಕೇರೋ ಎಂಬ ಮಾತು ನಾಲಗೆಯಲ್ಲಿ ಸವೆದು. ಅವನ ಹೆಮ್ಮೆಯ ಹಗ್ಗವೆಂದರೆ ಹಸಿಚರ್ಮದ ಸೀಳುಗಳನ್ನು ಹೆಣೆದು ಮಾಡಿದ, 60 ಅಡಿಯವರೆಗೂ ಉದ್ದವಿರುವ ರಿಯಾಟಾ, ನಮ್ಮ ರೈತರ ಮಿಣಿಯ ದೊಡ್ಡ ತಮ್ಮ. ದೂರದಿಂದ ಬೀಸಿ ದನದ ಕೊರಳಿಗೆ ಹಾಕಿದ ಮೇಲೆ ಅದರ ಈ ಕೊನೆಯನ್ನು ಜೀನಿನ ಕೊಂಬಿಗೆ ಸುತ್ತಿ, ಸ್ವಲ್ಪ ಸ್ವಲ್ಪವೇ ಜಾರಗೊಟ್ಟು ಹಿಡಿಯುತ್ತಾನೆ. ಟೆಕ್ಸಾಸಿನವನ ಹಾಗೆ ಗಂಟು ಹಾಕಿ ಕಟ್ಟುವುದಿಲ್ಲ. ಕಟ್ಟಿದರೆ ಚರ್ಮ ಹರಿದೀತು. ಈ ಎರಡು ಪದ್ಧತಿಗಳ ಮೇಲಾಟ ಪದ್ಯಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಮುಳ್ಳುತಂತಿಯ ಬೇಲಿಗೆ ಗ್ಲಿಡನ್ ಎಂಬಾತ ಹಕ್ಕುಪತ್ರ ಪಡೆದದ್ದು 1874ರಲ್ಲಿ. 1886–87ರ ಭೀಕರವಾದ ಚಳಿಗಾಲದಲ್ಲಿ ಉತ್ತರದ ಬಯಲುಗಳ ದನ ಲೆಕ್ಕವಿಲ್ಲದಷ್ಟು ಸತ್ತಿತು. ಎಲ್ಲ ಸೇರಿ ಇಪ್ಪತ್ತು ವರ್ಷದ ವೈಭವ. ಆ ಮೇಲೆ ಉಳಿದದ್ದು ಬೇಲಿಯೊಳಗಿನ ದನ, ಬೇಲಿಯೊಳಗಿನ ಸವಾರ, ಬೇಲಿಯಿಲ್ಲದ ನೆನಪು.

ಹಾಡುಗಳನ್ನು ಮೊದಲು ಕೂಡಿಸಿ ಅಚ್ಚುಹಾಕಿಸಿದವನು ಜಾಕ್ ಥಾರ್ಪ್; 1908ರಲ್ಲಿ ನ್ಯೂ ಮೆಕ್ಸಿಕೋದ ಒಂದು ಸಣ್ಣ ಊರಿನ ಅಚ್ಚುಕೂಟದಲ್ಲಿ 23 ಹಾಡುಗಳ ಕಿರುಹೊತ್ತಗೆ. ಎರಡು ವರ್ಷದ ಮೇಲೆ ಜಾನ್ ಲೋಮಾಕ್ಸನ ದೊಡ್ಡ ಸಂಗ್ರಹ ಬಂದಿತು. ಇಲ್ಲಿ ಒಂದು ವಿನೋದವುಂಟು. ಜನಪದ ಗೀತವೆಂದರೆ ಕರ್ತೃವಿಲ್ಲದ್ದು, ಜನಸಮೂಹದ ಬಾಯಿಂದ ತಾನಾಗಿ ಒಸರಿದ್ದು ಎಂಬ ನಂಬಿಕೆ ಆ ಕಾಲದ ಪಂಡಿತರಲ್ಲಿ ಬಲವಾಗಿತ್ತು. ನಮ್ಮಲ್ಲಿಯೂ ಹಲಸಂಗಿಯ ಗೆಳೆಯರು 1931ರಲ್ಲಿ ಗರತಿಯ ಹಾಡನ್ನು ಹೊರತಂದಂದಿನಿಂದ ಅದೇ ಭಾವನೆ ಬಹುಮಟ್ಟಿಗೆ ಬೇರೂರಿದೆ. ಆದರೆ ತುರುಗಾಹಿಗಳ ಪ್ರಸಿದ್ಧವಾದ ಹಾಡುಗಳಲ್ಲಿ ಹಲವಕ್ಕೆ ಕರ್ತೃಗಳಿದ್ದರು, ಆಗ ಬದುಕಿಯೂ ಇದ್ದರು. ಸುಗ್ಗಿಯ ಕೆಲಸ ಮುಗಿದ ಮೇಲೆ ಮನೆಗೆ ಹೋಗುವೆನೆಂದು ಹೇಳಿ ಮಂದೆಯ ಕಾಲ್ತುಳಿತಕ್ಕೆ ಸಿಕ್ಕಿ ಸಾಯುವವನ ಹಾಡನ್ನು ಓ'ಮ್ಯಾಲಿ ಎಂಬ ತುರುಗಾಹಿ 1893ರಲ್ಲಿಯೇ ಪತ್ರಿಕೆಯಲ್ಲಿ ಅಚ್ಚು ಮಾಡಿಸಿದ್ದ. ಅರಿಜೋನಾದ ಗೇಲ್ ಗಾರ್ಡ್ನರ್ 1917ರಲ್ಲಿ ರೈಲಿನಲ್ಲಿ ಕುಳಿತು ಬರೆದ ಪದ್ಯವೊಂದರಲ್ಲಿ ಕುಡಿದ ಇಬ್ಬರು ದನಗಾಹಿಗಳು ಸೈತಾನನನ್ನೇ ಹಗ್ಗ ಹಾಕಿ ಹಿಡಿದು ಬಾಲಕ್ಕೆ ಗಂಟು ಹಾಕುತ್ತಾರೆ. ಆ ಪದ್ಯ ಬಾಯಿಂದ ಬಾಯಿಗೆ ಹರಿದು, ಕೊನೆಗೆ ಅದು ಯಾರದೂ ಅಲ್ಲವೆಂದು ಹೇಳುವವರ ಎದುರಿಗೆ ತನ್ನದೆಂದು ಸಾಧಿಸಬೇಕಾದ ಅವಸ್ಥೆ ಗಾರ್ಡ್ನರನಿಗೆ ಬಂದಿತು. ಎಲ್ಕೋ ಕೇಂದ್ರದ ಕೆಲಸದಲ್ಲಿ ನಾನು ಮನಸಾರೆ ಹೊಗಳುವ ಅಂಶ ಇದು: ಅಲ್ಲಿ ಪದ್ಯಕ್ಕೆ ಮನುಷ್ಯನ ಹೆಸರುಂಟು. ಒಪ್ಪಿಸುವವನು ಬೇರೆಯವನಾದರೆ ಕಟ್ಟಿದವನ ಹೆಸರನ್ನು ಮೊದಲು ಹೇಳುವುದು ರೂಢಿ.

ಇನ್ನು ಕವಿಗಳು. ಹಳಬರಲ್ಲಿ ನನ್ನ ಮತದಲ್ಲಿ ಎಲ್ಲರಿಗಿಂತ ಮೇಲಾದವನು ಬ್ರೂಸ್ ಕಿಸ್ಕ್ಯಾಡನ್. 1878ರಲ್ಲಿ ಹುಟ್ಟಿ 1950ರಲ್ಲಿ ತೀರಿಕೊಂಡವನು. ಕೊಲೊರಾಡೊದಲ್ಲಿಯೂ ಅರಿಜೋನಾದಲ್ಲಿಯೂ ದನ ಕಾದು, 1926ರಲ್ಲಿ ಚಲಚ್ಚಿತ್ರದವರಿಗೆ ಕುದುರೆ ಓಡಿಸುವ ಕೆಲಸ ಸಿಕ್ಕೀತೆಂದು ಲಾಸ್ ಏಂಜಲಿಸ್ ನಗರಕ್ಕೆ ಬಂದ. ಆ ಮೇಲೆ ಉಳಿದ ಆಯುಷ್ಯವನ್ನು ಅಲ್ಲಿನ ಹೋಟೆಲುಗಳಲ್ಲಿ ಗಂಟೆಯ ಕರೆಗೆ ಓಡಿಬಂದು ಗಿರಾಕಿಗಳ ಪೆಟ್ಟಿಗೆ ಹೊರುವ ಆಳಾಗಿ ಕಳೆದ. ಎರಡು ಗಂಟೆಗಳ ನಡುವಿನ ಬಿಡುವಿನಲ್ಲಿ ಪದ್ಯ ಬರೆದ. ಅವು ಅಚ್ಚಾದದ್ದಾದರೂ ಎಲ್ಲಿ? ದನದ ವ್ಯಾಪಾರಿಗಳ ಪತ್ರಿಕೆಯಲ್ಲಿ, ದನದ ಸಂತೆಯವರು ಪುಕ್ಕಟೆಯಾಗಿ ಹಂಚುವ ಗೋಡೆಯ ಪಂಚಾಂಗಗಳಲ್ಲಿ. ಕ್ಯಾಥರೀನ್ ಫೀಲ್ಡ್ ಎಂಬ ಚಿತ್ರಗಾರ್ತಿಯ ಚಿತ್ರದ ಕೆಳಗೆ ಇವನ ಪದ್ಯ, ಅದರ ಕೆಳಗೆ ತಿಂಗಳ ತಾರೀಖುಗಳು. ಇದಕ್ಕಿಂತ ಅನಾಡಂಬರವಾದ ಪ್ರಕಾಶನವನ್ನು ನಾನು ಕಾಣೆ.

ಕಿಸ್ಕ್ಯಾಡನ್ನನ ಶಕ್ತಿ ಇರುವುದು ಕಣ್ಣಿನಲ್ಲಿ. ಅವನು ಭಾವವನ್ನು ಹೆಸರಿಸುವುದಿಲ್ಲ. ನೀಲಿಛಾಯೆಯ ಬೂದು ಕುದುರೆಯೊಂದನ್ನು ಕುರಿತ ಅವನ ಕಥನಪದ್ಯವನ್ನು ನೋಡಿ. ಒಬ್ಬ ದನಗಾಹಿ ಬಯಲಿನಲ್ಲಿ ಮುದ್ರೆಯಿಲ್ಲದ ಕರುವನ್ನು ಕಂಡು, ಪರರ ಸೊತ್ತೆಂದು ತಿಳಿದಿದ್ದೂ, ತನ್ನ ಮುದ್ರೆಯನ್ನು ಕಾಸಿ ಹಾಕಲು ಬೆಂಕಿ ಹೊತ್ತಿಸುತ್ತಾನೆ. ಅಷ್ಟರಲ್ಲಿ ಕುದುರೆಯ ಕಿವಿಗಳು ನಿಮಿರಿ ಒಂದು ದಿಕ್ಕನ್ನು ತೋರುತ್ತವೆ. ಯಾರೋ ಬರುತ್ತಿದ್ದಾರೆ! ಕರುವಿಗೆ ಒಡೆಯನ ಮುದ್ರೆಯೇ ಬೀಳುತ್ತದೆ. ಮನುಷ್ಯನ ಮಾನವೂ ಬಹುಶಃ ಕೊರಳೂ ಉಳಿಯುತ್ತವೆ. ಕಳ್ಳತನ ತಪ್ಪು ಎಂಬ ಉಪದೇಶ ಎಲ್ಲಿಯೂ ಇಲ್ಲ. ಪಶ್ಚಾತ್ತಾಪದ ಒಂದು ಬಿಂದುವೂ ಇಲ್ಲ. ಇರುವುದು ಎರಡು ಕಿವಿಗಳು. ನಮ್ಮ ಆಲಂಕಾರಿಕರು ವಿಭಾವ, ಅನುಭಾವ ಎಂದು ಎಷ್ಟೋ ವಿಸ್ತಾರವಾಗಿ ಹೇಳಿದ ತತ್ತ್ವವನ್ನು ಹೋಟೆಲಿನ ಆಳು ಕುದುರೆಯ ಕಿವಿಯಲ್ಲಿ ತೋರಿಸಿಬಿಟ್ಟ. ಪದ್ಯದ ನಡೆಯಾದರೋ ಸರಳ: ಸಮಗತಿ, ಸಾಲಿನ ಕೊನೆಗೆ ತಪ್ಪದ ಪ್ರಾಸ. ಆದಿಪ್ರಾಸಕ್ಕೆ ಹೊಂದಿದ ನಮ್ಮ ಕಿವಿಗೆ ಈ ಅಂತ್ಯಪ್ರಾಸ ಮೊದಮೊದಲು ಜಾಗಟೆ ಬಡಿದ ಹಾಗೆ ಕೇಳುವುದುಂಟು. ಬಾಯಲ್ಲಿ ಒಪ್ಪಿಸಿದಾಗ ಮಾತ್ರ ಅದರ ಉಪಯೋಗ ತಿಳಿಯುತ್ತದೆ: ಅದು ನೆನಪಿಗೆ ಹೊಡೆದ ಗೂಟ.

ಹೊಸಬರಲ್ಲಿ ಬಕ್ ರಾಮ್ಸೇ ಎಂಬಾತನ ಕಥೆ ವಿಚಿತ್ರವಾದುದು. 1938ರಲ್ಲಿ ಹುಟ್ಟಿ, ಟೆಕ್ಸಾಸಿನ ಉತ್ತರ ಭಾಗದ ದನಗಾವಲುಗಳಲ್ಲಿ ದುಡಿಯುತ್ತಿದ್ದವನು ಕುದುರೆಯ ಅಪಘಾತದಲ್ಲಿ ಸ್ವಾಧೀನ ತಪ್ಪಿ ಆಜನ್ಮ ಗಾಲಿಕುರ್ಚಿಗೆ ಅಂಟಿದ. 1998ರಲ್ಲಿ ತೀರಿಕೊಂಡ. ಅವನ ದೀರ್ಘಕವನ 1993ರಲ್ಲಿ ಅಚ್ಚಾಯಿತು. ಅದಕ್ಕೆ ಅವನು ಆರಿಸಿಕೊಂಡ ಛಂದಸ್ಸು ರಷ್ಯಾದ ಪುಷ್ಕಿನ್ ಮಹಾಕವಿ ಯೆವ್ಗೆನಿ ಒನೇಗಿನ್ ಕಾವ್ಯಕ್ಕಾಗಿ ರಚಿಸಿಕೊಂಡ ಹದಿನಾಲ್ಕು ಸಾಲಿನ ಪದ್ಯಬಂಧ: ಮೂರು ಚೌಪದಿಗಳಲ್ಲಿ ಮೂರು ಬಗೆಯ ಪ್ರಾಸ, ಕೊನೆಗೆ ಒಂದು ದ್ವಿಪದಿ. ನಮ್ಮ ದೇಶದ ವಿಕ್ರಮ್ ಸೇಠರು 1986ರಲ್ಲಿ ಪ್ರಕಟಿಸಿದ ಇಂಗ್ಲಿಷ್ ಪದ್ಯಕಾದಂಬರಿಗೂ ಅದೇ ಬಂಧ. ಪೀಟರ್ಸ್‌ಬರ್ಗಿನ ನೃತ್ಯಶಾಲೆಗಳಿಗೆಂದು ಹೆಣೆದ ಬಲೆಯಲ್ಲಿ ಟೆಕ್ಸಾಸಿನ ಹುಲ್ಲು ಸಿಕ್ಕೀತೆ ಎಂದು ಸಂದೇಹಪಟ್ಟು ಓದತೊಡಗಿದ ನಾನು ಮೊದಲನೆಯ ಕೆಲವು ಪದ್ಯಗಳಲ್ಲಿಯೇ ಸಂದೇಹವನ್ನು ಬಿಟ್ಟೆ. ಮುಂಜಾವದ ಸವಾರಿಯ ಹರ್ಷದಿಂದ ಮೊದಲಾಗುವ ಪೀಠಿಕೆ ಬರುಬರುತ್ತ ಆ ನೆಲ ಕೈತಪ್ಪಿದ ವಿಷಾದಕ್ಕೆ ಹೊರಳುತ್ತದೆ. ಪ್ರಾಸಗಳು ದೂರದೂರ ಬಿದ್ದಿರುವುದರಿಂದ ಜಾಗಟೆಯ ಸದ್ದು ಇಲ್ಲ. ಮಾತು ನಡೆಯುವ ಕುದುರೆಯ ಹಾಗೆ ಸಲೀಸಾಗಿ ಸಾಗುತ್ತದೆ. ನಡೆಯಲಾರದವನು ಬರೆದ ಸವಾರಿಯ ಕಾವ್ಯವೆಂಬುದನ್ನು ಕವಿ ಒಮ್ಮೆಯಾದರೂ ನೆನಪಿಗೆ ತರುವುದಿಲ್ಲ. ಓದುವವನು ಮರೆಯಲಾರ. ಜನಪದ ಕವಿ ವಿದ್ಯೆಯಿಂದ ಕೆಡುತ್ತಾನೆ ಎನ್ನುವವರು ಈ ಪುಸ್ತಕವನ್ನು ಒಮ್ಮೆ ನೋಡಬೇಕು.

ಇಲ್ಲಿಗೆ ನನ್ನ ಮೆಚ್ಚಿಕೆ ಮುಗಿಯಿತೆಂದಲ್ಲ. ಆದರೆ ಆಕ್ಷೇಪಣೆಗಳಿಗೆ ಬರಬೇಕು.

ಮೊದಲನೆಯದು ವೇದಿಕೆಯಿಂದ ಬಂದ ಕೇಡು. ಅಡುಗೆಬಂಡಿಯ ಪಕ್ಕದಲ್ಲಿ ಎಂಟು ಮಂದಿ ಜತೆಗಾರರಿಗೆ ಹೇಳುವ ಪದ್ಯ ಒಂದು, ದೀಪದ ಬೆಳಕಿನಲ್ಲಿ ನೂರಾರು ಮಂದಿ ಟಿಕೀಟು ಕೊಂಡವರಿಗೆ ಹೇಳುವ ಪದ್ಯ ಮತ್ತೊಂದು. ಎಂಟು ಮಂದಿಯೂ ಕಸುಬು ಬಲ್ಲವರು. ಹಗ್ಗ ಬೀಸಿದ್ದು ತಪ್ಪಾಗಿ ವರ್ಣಿತವಾದರೆ ಅಲ್ಲಿಯೇ ಎದ್ದು ಹೇಳುತ್ತಾರೆ. ನೂರಾರು ಮಂದಿಗೆ ಬೇಕಾದುದು ಒಂದು ನಗೆ, ಒಂದು ಕಣ್ಣೀರು. ಇದರಿಂದ ಎರಡು ಜಾತಿಯ ಪದ್ಯಗಳು ಹುಲುಸಾಗಿ ಬೆಳೆದಿವೆ: ಕುದುರೆ ಕೆಡವಿದ ಹಾಸ್ಯ ಒಂದು, ಹೋದ ಕಾಲ ಬಾರದೆಂಬ ಅಳು ಒಂದು. ಹಾಸ್ಯದಲ್ಲಿ ನಿಜವಾದ ಪ್ರತಿಭೆಯೂ ಉಂಟು. ಮೊಂಟಾನಾದ ವಾಲೇಸ್ ಮ್ಯಾಕ್ರೇ ಎಂಬಾತನ, ಪುನರ್ಜನ್ಮವನ್ನು ಕುರಿತ ಪ್ರಸಿದ್ಧ ಪದ್ಯವನ್ನು ನಮ್ಮವರು ಓದಿದರೆ ಎರಡು ಸಲ ನಕ್ಕಾರು. ಒಬ್ಬ ದನಗಾಹಿ ಇನ್ನೊಬ್ಬನಿಗೆ ಪುನರ್ಜನ್ಮವೆಂದರೇನೆಂದು ಬೋಧಿಸುತ್ತಾನೆ: ಸತ್ತವನನ್ನು ಹೂಳುವರು, ಅವನು ಮಣ್ಣಾಗುವನು, ಮಣ್ಣಿನಲ್ಲಿ ಹುಲ್ಲು ಹೂವು ಹುಟ್ಟುವುದು, ಅದನ್ನು ಕುದುರೆ ಮೇಯುವುದು, ಮೇದದ್ದು ಕೊನೆಗೆ ಲದ್ದಿಯಾಗಿ ಬೀಳುವುದು, ಅದನ್ನು ನೋಡಿದವನು, ಅಯ್ಯಾ ನೀನು ಹೆಚ್ಚೇನೂ ಬದಲಾಗಿಲ್ಲ ಎಂದುಕೊಳ್ಳುವನಂತೆ. ಇದರಲ್ಲಿ ಜೀವನಿಗೂ ಕರ್ಮಕ್ಕೂ ಎಡೆಯೇ ಇಲ್ಲ. ಜನ್ಮವೆತ್ತುವುದು ಮಾಂಸ ಮಾತ್ರ. ಗೀತೆಗಿಂತ ಚಾರ್ವಾಕರಿಗೆ ಹತ್ತಿರ! ಆದರೆ ಅದೇ ಮ್ಯಾಕ್ರೇ ಬರೆದ ಇನ್ನೊಂದು ಪದ್ಯವನ್ನು ಕೇಳುವವರು ಇದಕ್ಕಿಂತ ಕಡಮೆ. ಅದರಲ್ಲಿ ಅವನು ತನ್ನ ಸೀಮೆಯ ಗುರುತುಗಳನ್ನು ಒಂದೊಂದಾಗಿ ನೆನೆಯುತ್ತಾನೆ. 1913ರಲ್ಲಿ ತನ್ನ ತಂದೆ ಹೆಸರು ಕೊರೆದಿದ್ದ ಬಂಡೆಯೂ ಕಲ್ಲಿದ್ದಲಿನ ಗಣಿಗಾಗಿ ಸಿಡಿದು ಪುಡಿಯಾಯಿತು. ಅಲ್ಲಿ ಹಂಬಲವಿದೆ, ಆದರೆ ಅದಕ್ಕೆ ಸ್ಥಳವಿದೆ, ಇಸವಿಯಿದೆ, ಹೆಸರಿಸಬಹುದಾದ ಕಾರಣವಿದೆ. ಉಳಿದವರ ಅಳುವಿಗೆ ಇವು ಯಾವುವೂ ಇಲ್ಲ, ಸೂರ್ಯಾಸ್ತವೊಂದೇ ಇದೆ. ಟೋಪಿ ಇಟ್ಟ ಮಾತ್ರಕ್ಕೆ ಪದ್ಯವಾಗುವುದಿಲ್ಲವೆಂಬುದನ್ನು ಕೇಂದ್ರದವರು ಇನ್ನಷ್ಟು ನಿಷ್ಠುರವಾಗಿ ತೋರಿಸಬಹುದಾಗಿತ್ತು.

ಎರಡನೆಯ ಆಕ್ಷೇಪಣೆ ನೆಲದ್ದು. ಹಳೆಯ ಪದ್ಯಗಳಲ್ಲಿ ಬಯಲು ಸಾಮಾನ್ಯವಾಗಿ ಬರಿದು. ಸವಾರ ಬಂದ ಮೇಲೆ ಅದಕ್ಕೆ ಚರಿತ್ರೆ. ಎಲ್ಕೋ ಸುತ್ತಲಿನ ನೆಲವಾದರೋ ಪಶ್ಚಿಮ ಶೊಷೊನಿ ಜನರದು. ಅವರೊಡನೆ 1863ರಲ್ಲಿ ರೂಬಿ ಕಣಿವೆಯ ಒಪ್ಪಂದವಾಗಿತ್ತು. ಆ ಜನಾಂಗದ ಮೇರಿ ಡ್ಯಾನ್, ಕ್ಯಾರೀ ಡ್ಯಾನ್ ಎಂಬ ಇಬ್ಬರು ಸೋದರಿಯರು ತಾವೇ ದನ ಕುದುರೆ ಸಾಕಿಕೊಂಡು, ಈ ನೆಲ ನಮ್ಮದು, ಮೇವಿನ ಸುಂಕ ಕೊಡೆವು ಎಂದು ಸರ್ಕಾರದೊಡನೆ ದಶಕಗಟ್ಟಲೆ ವ್ಯಾಜ್ಯ ಹೂಡಿದರು. ಪರಿಹಾರದ ಹಣ ಜನಾಂಗದ ಹೆಸರಿನ ನಿಧಿಗೆ ಸೇರಿದ ಮೇಲೆ ಅದು ಸಂದಾಯವಾದಂತೆಯೇ ಎಂದು ಅಮೆರಿಕಾದ ಅತ್ಯುಚ್ಚ ನ್ಯಾಯಾಲಯ ಅವರಿಗೆ ವಿರೋಧವಾಗಿ ತೀರ್ಪಿತ್ತದ್ದು 1985ನೆಯ ಫೆಬ್ರವರಿಯಲ್ಲಿ. ಎಂದರೆ ಮೊದಲನೆಯ ಸಮ್ಮೇಳನ ಮುಗಿದು ಮೂರು ವಾರವೂ ಆಗಿರಲಿಲ್ಲ. ಒಂದೇ ನಾಡಿನ ಒಂದೇ ಚಳಿಗಾಲದಲ್ಲಿ ಹುಲ್ಲುಗಾವಲನ್ನು ಕುರಿತು ಎರಡು ಸಭೆಗಳಾದುವು. ಒಂದರಲ್ಲಿ ಕೈ ಚಪ್ಪಾಳೆ, ಇನ್ನೊಂದರಲ್ಲಿ ತೀರ್ಪು. 2002–03ರಲ್ಲಿ ಆ ಸೋದರಿಯರ ದನಕುದುರೆಗಳನ್ನು ಸರ್ಕಾರದವರು ಹಿಡಿದೊಯ್ದರು. ಬೇಲಿಯನ್ನೂ ಬ್ಯಾಂಕನ್ನೂ ಬೈಯುವ ತುರುಗಾಹಿಯ ಪದ್ಯ ಈ ದುಃಖವನ್ನು ತನ್ನದರ ಪಕ್ಕದಲ್ಲಿ ಇರಿಸಿಕೊಳ್ಳದಿದ್ದರೆ ಅದರ ಕರುಣರಸ ಅರ್ಧಕ್ಕೆ ನಿಲ್ಲುತ್ತದೆ.

ಕೇಂದ್ರದವರು ಇದನ್ನು ಅರಿಯದವರೇನಲ್ಲ. ಕ್ರೋ ಜನಾಂಗದ ಹೆನ್ರಿ ರಿಯಲ್ ಬರ್ಡ್ ಎಂಬ ಕವಿ ಅವರ ವೇದಿಕೆಯಲ್ಲಿ ಓದಿದ್ದಾನೆ. ಇವನು ಮೊಂಟಾನಾದ ಆಸ್ಥಾನಕವಿಯಾಗಿದ್ದಾಗ 2010ರಲ್ಲಿ ಕುದುರೆಯೇರಿ ನೂರಾರು ಮೈಲಿ ಸಂಚರಿಸುತ್ತ ಕಂಡವರಿಗೆಲ್ಲ ಕವನಪುಸ್ತಕ ಹಂಚಿದವನು. ದಾರಿಯ ಕಾಲದ ತುರುಗಾಹಿಗಳಲ್ಲಿ ನಾಲ್ವರಿಗೊಬ್ಬರಂತೆ ಆಫ್ರಿಕಾ ಮೂಲದವರಿದ್ದರೆಂದು ಚರಿತ್ರಕಾರರ ಅಂದಾಜು. ಚಲಚ್ಚಿತ್ರ ಅಳಿಸಿಹಾಕಿದ ಅವರ ಚರಿತ್ರೆಯೂ ಈಚೆಗೆ ಅಲ್ಲಿ ತಲೆಯೆತ್ತಿದೆ. ಜಾರ್ಜೀ ಸಿಕಿಂಗ್ ಎಂಬ ಹೆಂಗಸು, 1921ರಲ್ಲಿ ಹುಟ್ಟಿ ಗಂಡಸರ ಸಮಕ್ಕೆ ಜೀನಿನ ಮೇಲೆ ದುಡಿದವಳು, ತನ್ನ ಪದ್ಯಗಳಿಂದ ಅಲ್ಲಿ ಗೌರವ ಪಡೆದಳು. ಇಟಲಿಯ ಮರೆಮ್ಮಾ ಸೀಮೆಯ ದನಗಾಹಿಗಳನ್ನೂ ಮೆಕ್ಸಿಕೋದ ವಕೇರೋಗಳನ್ನೂ ಕರೆಸಿ ಸನ್ಮಾನಿಸಿದ್ದಾರೆ. ದನಗಾವಲಿನ ಸಂಸಾರಗಳೇ ತಮ್ಮ ಬದುಕನ್ನು ಕುರಿತು ಕಿರುಚಿತ್ರಗಳನ್ನು ತೆಗೆಯುವಂತೆ ಕಲಿಸಿಕೊಟ್ಟಿದ್ದಾರೆ. ನನಗೆ ಇದು ವೇದಿಕೆಯ ಪದ್ಯಕ್ಕಿಂತ ಆರೋಗ್ಯಕರವಾಗಿ ಕಂಡಿತು. 2011ರಲ್ಲಿ ನೆವಾಡಾದ ಸೆನೆಟರ್ ಹ್ಯಾರಿ ರೀಡ್ ಸಭೆಯಲ್ಲಿ ಸಂಸ್ಕೃತಿಯ ಅನುದಾನಗಳನ್ನು ಸಮರ್ಥಿಸುತ್ತ ಈ ಸಮ್ಮೇಳನವನ್ನು ಹೆಸರಿಸಿದಾಗ ದೇಶವೆಲ್ಲ ನಕ್ಕಿತಂತೆ: ಸಾಲದಲ್ಲಿ ಮುಳುಗಿರುವ ರಾಜ್ಯಕ್ಕೆ ದನಗಾಹಿಯ ಪದ್ಯವೆ! ನಕ್ಕವರಲ್ಲಿ ಎಷ್ಟು ಮಂದಿ ಕಿಸ್ಕ್ಯಾಡನ್ನನನ್ನು ಓದಿದ್ದರೋ ತಿಳಿಯದು.

ಮೂರನೆಯದು ನಮ್ಮವರಿಗೆ ಮಾತ್ರ ತೋರುವ ತೊಡಕು. ಅದನ್ನು ಹೇಳದೆ ಹೋದರೆ ಅಪ್ರಾಮಾಣಿಕತೆಯಾದೀತು. ನಮ್ಮ ಮಕ್ಕಳು ಗೋವಿನ ಹಾಡನ್ನು ಕೇಳಿ ಬೆಳೆದವರು. ಅಲ್ಲಿ ಹಸುವೇ ಮಾತಾಡುತ್ತದೆ. ಅದರ ಸತ್ಯದ ಮುಂದೆ ಹುಲಿ ಪ್ರಾಣ ಬಿಡುತ್ತದೆ. ತುರುಗೋಳಿನಲ್ಲಿ ದನ ಬಿಡಿಸಹೋಗಿ ಮಡಿದವರಿಗೆ ನಮ್ಮ ಊರೂರುಗಳಲ್ಲಿ ವೀರಗಲ್ಲುಗಳಿವೆ. ಅಮೆರಿಕಾದ ತುರುಗಾಹಿಯ ಪದ್ಯದಲ್ಲಿ ಹಸು ಮಾತಾಡುವುದನ್ನು ನಾನು ಎಲ್ಲಿಯೂ ಕಾಣಲಿಲ್ಲ. ಅವನು ಪ್ರೀತಿಸುವುದು ಕುದುರೆಯನ್ನು, ಅದಕ್ಕೆ ಚರಮಗೀತೆಗಳುಂಟು. ದನವಾದರೋ ಕಸಾಯಿಖಾನೆಗೆ ಹೊರಟ ಸರಕು. ಹಿಮದಲ್ಲಿ ರಾತ್ರಿಯೆಲ್ಲ ಎದ್ದಿದ್ದು ಕರುವನ್ನು ತಾಯಿಯ ಬಸಿರಿನಿಂದ ಎಳೆದು ಬದುಕಿಸುವವನೂ ಅವನೇ, ಶರತ್ಕಾಲದಲ್ಲಿ ಅದನ್ನು ತೂಕಕ್ಕೆ ಹಾಕಿ ರೈಲಿಗೆ ಹತ್ತಿಸುವವನೂ ಅವನೇ. ಈ ಎರಡರ ನಡುವೆ ಇರುವ ಕಂದರದೊಳಗೆ ಇಣಿಕಿ ನೋಡಿದ ಪದ್ಯ ಬಹಳ ಅಪರೂಪ. ದನ ಸಾಗಿಸುವ ಕಾಲವನ್ನು ಕುರಿತು ಕಿಸ್ಕ್ಯಾಡನ್ನನ ಪದ್ಯವೊಂದಿದೆ. ಕೆಲಸ ಮುಗಿದ ಮೇಲೆ ಕವಿಯುವ ಬೇಸರವನ್ನು ಅವನು ಚೆನ್ನಾಗಿ ಬಲ್ಲ. ಬೇಸರಕ್ಕೆ ಕಾರಣವನ್ನು ಮಾತ್ರ ಪೂರ್ತಿ ಹೇಳುವುದಿಲ್ಲ. ಕಸುಬಿನಾಚೆಗೆ ಕೈ ಚಾಚದಿರುವುದು ಗುಣವೆ, ದೋಷವೆ ಎಂದು ಮೊದಲು ಕೇಳಿದ್ದೆನಷ್ಟೆ. ಕುದುರೆಯ ಕಿವಿಯಲ್ಲಿ ಅದು ಗುಣ, ಇಲ್ಲಿ ದೋಷ. ತುರುಗಾಹಿ ರಾಮಣ್ಣ ಇಲ್ಲಿಗೆ ಬಂದು ನಿಲ್ಲುತ್ತಿರಲಿಲ್ಲ.

ಈ ಸಂಕಟವನ್ನು ನಾನೊಬ್ಬನೇ ತೂಗಲಾರದೆ, ನನ್ನ ಪರಿಚಯದ ಕಾಡುಗೊಲ್ಲರ ಹಿರಿಯರೊಬ್ಬರ ಹತ್ತಿರ ಹೋದೆ. ಜುಂಜಪ್ಪನ ಕಥೆಯನ್ನು ಗಣೆಯೂದಿ ಹೇಳಬಲ್ಲವರು. ವಯಸ್ಸು ಎಂಬತ್ತರ ಮೇಲೆ. ರಾತ್ರಿಯ ಕಾವಲಿನ ಹಾಡನ್ನೂ ಬೂದುಕುದುರೆಯ ಕಥೆಯನ್ನೂ ನನಗೆ ತಿಳಿದ ಮಟ್ಟಿಗೆ ಕನ್ನಡದಲ್ಲಿ ಹೇಳಿದೆ. ಮಂದೆಗೆ ಹಾಡುವ ಸಂಗತಿ ಅವರಿಗೆ ಆಶ್ಚರ್ಯವೆನಿಸಲೇ ಇಲ್ಲ, "ಹಾಡ್ದೇ ಇದ್ರೆ ಹೆಂಗ್ ನಿಂತಾವು?" ಎಂದರು. ಸ್ವಲ್ಪ ಹೊತ್ತಾದ ಮೇಲೆ, "ಅಷ್ಟು ದೂರ ಹಾಡ್ಹೇಳ್ಕಂಡು ಹೊಡ್ಕಂಡ್ ಹೋದ್ರಲ್ಲ ಸ್ವಾಮಿ, ಕಡೀಗೆ ಆ ದನ ಏನಾದ್ವು?" ಎಂದು ಕೇಳಿದರು. ನಾನು ಇದ್ದುದನ್ನು ಇದ್ದ ಹಾಗೆ ಹೇಳಿದೆ. ಅವರು ಎಲೆಯಡಿಕೆ ಚೀಲವನ್ನು ಬಿಚ್ಚಿ, ಅಡಿಕೆ ಕತ್ತರಿಸಿ, ಬಾಯಿಗೆ ಹಾಕಿಕೊಳ್ಳುವವರೆಗೆ ಮಾತಾಡಲಿಲ್ಲ.

ಆ ಮೇಲೆ ಕೇಳಿದರು: "ಆ ಕಿವಿ ನಿಗರಿಸಿದ ಕುದುರೇಗೆ ಏನ್ ಹೆಸರಿಟ್ಟಿದ್ರು?"

ಹೆಸರೇನೂ ಇಲ್ಲ ಯಜಮಾನರೆ, ಪದ್ಯದಲ್ಲೆಲ್ಲ ಬಣ್ಣ ಹೇಳಿಯೇ ಕರೆದಿದ್ದಾನೆ, ಎಂದೆ.

"ಅದೇ ಹೆಸ್ರು ಬುಡಿ. ನಾವೂ ಕೆಂದ, ಕರಿಯ ಅಂತ ತಾನೆ ಕರೆಯೋದು," ಎಂದು ಹೇಳಿ, ಕಥೆಯ ಆ ಭಾಗವನ್ನು ಇನ್ನೊಮ್ಮೆ ಹೇಳಿಸಿದರು.